ತಂಗಳು ನೀರಿನ ಮೀನು

ಮಾಳಿಂಗ ಹೊಳೆದಂಡೆಯ ಮಠಕ್ಕೆ ಶಿಷ್ಯನಾಗಿ ಬಂದಾಗ ಕಂಕುಳಲ್ಲಿ ಚಾಪೆ, ಕೈಯಲ್ಲೊಂದು ಗಾಜಿನ ಬಾಟಲಿ. ಬಾಟಲಿಯೊಳಗೆ ಕೆಂಪು ಫೈಟರ್ ಮೀನು. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ, ಗಂಡನ ಮನೆಗೆ ಹೋಗುವಾಗ ಕೊಟ್ಟದ್ದು.

ಅಂಥ ಮೀನು ಈಗೆಲ್ಲಿ ಸಿಗಬೇಕು! ಅದು ರೆಕ್ಕೆ ಅರಳಿಸಿತೆಂದರೆ ಊರ ಹುಂಜಗಳು ನಾಚಿಕೊಂಡು ಆ ದಿನ ಕೂಗುತ್ತಲೇ ಇರಲಿಲ್ಲ.

ಮಠದಲ್ಲೊಂದು ಪದ್ಧತಿ. ರಾತ್ರಿ ಉಳಿದ ನೀರು ತಂಗಳು, ಪೂಜೆಗೆ ಬಾರದು. ಬೆಳಗಾದರೆ ಕೊಡ, ತಂಬಿಗೆ ಎಲ್ಲ ಬರಿದು ಮಾಡಿ, ಬೂದಿಯಲ್ಲಿ ತಿಕ್ಕಿ, ಹೊಸ ನೀರು ತುಂಬಬೇಕು. ಮಾಳಿಂಗ ಬಾಟಲಿಗೂ ಹಾಗೇ ಮಾಡಿದ. ಆಗಿನ ಹೊಳೆಯೋ, ನಸುಕಿನಲ್ಲಿ ಬೆರಳು ಅದ್ದಿದರೆ ಅದು ನಮ್ಮದೇ ಬೆರಳೆಂದು ಗೊತ್ತಾಗಲು ಮಧ್ಯಾಹ್ನವಾಗುತ್ತಿತ್ತು.

ಮೀನು ರೆಕ್ಕೆ ಮುದುಡಿಕೊಂಡು ತಳ ಹಿಡಿಯಿತು. ಮಾಳಿಂಗನಿಗೆ ಊಟ ಸೇರದಾಯಿತು. ಅಕ್ಕನದೆಂದು ಉಳಿದದ್ದು ಅದೊಂದೇ.

ಮಠದ ಗುರು ಗುರುಪಾದಜ್ಜನ ಮುಂದೆ ಬಾಟಲಿ ಇಟ್ಟು, ದಿನಾ ಇಷ್ಟು ಮಡಿಯಲ್ಲಿ ನೋಡಿಕೊಂಡರೂ ಹೀಗಾಯಿತು, ಮಂತ್ರ ಹಾಕಿರಿ ಎಂದು ಬೇಡಿಕೊಂಡ.

ಮರುದಿನ ನಸುಕಿನಲ್ಲಿ ಅಜ್ಜ ಶಿಷ್ಯನನ್ನು ಎಬ್ಬಿಸಿ, ಚಾಪೆ ಸುತ್ತಿ ಬೇರೆ ಕೋಣೆಗೆ ಎಸೆದ. ಅದರ ಮರುದಿನ ಇನ್ನೊಂದು ಕೋಣೆಗೆ. ಹಾಗೇ ದಿನಾ. ಮಾಳಿಂಗನ ನಿದ್ದೆ ಹಾರಿತು, ಕಲಿತ ಪಾಠ ಮರೆತುಹೋಯಿತು.

"ಅಜ್ಜಾರ, ಕಾಲು ಚಾಚೋದ್ರಾಗ ಎಬ್ಬಸ್ತೀರಿ. ಒಂದ ಕಡೆ ಇರಾಕ ಬಿಡ್ರಿ."

"ಯಾಕೋ, ಕೋಣಿ ಸ್ವಚ್ಛ ಇರಲಿಲ್ಲೇನು?"

ಮಾಳಿಂಗ ಬಾಟಲಿಯ ಕಡೆ ನೋಡಿ ತಲೆ ತಗ್ಗಿಸಿದ.

ಅಂದೇ ಅಜ್ಜ ಹಿತ್ತಲಿನ ಕಲ್ಲುಬಾನಿ ತೊಳೆಸಿ ನೀರು ತುಂಬಿಸಿದ. ಬಿಸಿಲಿಗೆ ಅದರ ಚಳಿ ಬಿಡುವವರೆಗೂ ಕಾದ. ಅಡಗಿ ಕೂರಲು ನೀರಸೊಪ್ಪು ಬಿಟ್ಟ, ಹೊರಗೆ ಹಾರದಂತೆ ಮೇಲೆ ಬಿದಿರ ತಟ್ಟಿ ಮುಚ್ಚಿಸಿದ. ಬಾಟಲಿಯ ನೀರನ್ನು ಚೆಲ್ಲದೆ, ಮೀನಿನ ಜೊತೆಗೇ ಮೆಲ್ಲಗೆ ಸುರಿದ.

ಮೀನು ಮೊದಲು ಬಾಲ ಬಿಚ್ಚಿತು, ಆಮೇಲೆ ರೆಕ್ಕೆ. ಪೂರ್ತಿ ಅರಳಿದ ದಿನ, ಆಚೆ ದಂಡೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಆ ಕೆಂಪು ಕಂಡು ಹೊತ್ತು ಮುಳುಗಿತೆಂದು ಮನೆಗೆ ಹೊರಟರು. ಸುಳ್ಳಲ್ಲ.

ಮಾಳಿಂಗನ ಊರಲ್ಲೂ ಇಂಥದ್ದೇ ಬಾನಿಯಿತ್ತು. ಅದರ ಪಕ್ಕ ಕೂರಿಸಿಕೊಂಡು ಅಕ್ಕ ಅವನ ತಲೆ ಬಾಚುತ್ತಿದ್ದಳು. ಮಠ ಸೇರಿದ ಮೇಲೆ ಅದನ್ನೆಲ್ಲ ಮರೆಯಬೇಕೆಂದು ಮಾಳಿಂಗ ದಿನಾ ಒದ್ದಾಡುತ್ತಿದ್ದ.

ಈಗ ನೀರು ಬದಲಿಸಲೆಂದು ತಂಬಿಗೆ ಹಿಡಿದು ಬಾನಿಯ ಮುಂದೆ ನಿಂತ.

"ಹಳೇ ನೀರು ಎಷ್ಟು ಚೆಲ್ಲಲ್ರಿ, ಅಜ್ಜಾರ?"

"ಮೀನಿಗೆ ತನ್ನೂರು ನೆನಪಿರೂವಷ್ಟು ಉಳಿಸಿ ಚೆಲ್ಲು, ತಮ್ಮಾ."