ಬಾಟಲಮ್ಮನ ಉಪಚಾರ

ತಲೆಕೆಳಗಾಗಿ ನೇತಾಡಿದವನು ಬದುಕಿದ, ಮೂರು ಹೊತ್ತು ಉಪಚಾರ ಪಡೆದವನು ಕೊಳೆತ. ಯಾರು ಹೇಳಿ? ಬಿಡಿ, ನಿಮ್ಮಿಂದಾಗಲ್ಲ.

ಬಚ್ಚಲಮನೆಯ ಕುಂಡದಲ್ಲಿದ್ದ ಕಳ್ಳಿಗೆ ಸ್ಪ್ರೇ ಬಾಟಲಿ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿತ್ತು.

"ಸಾಕಮ್ಮಾ, ಬೇರು ಕೊಳೀತಿದೆ. ಬಿಸಿಲಿಗೆ ಕಳಿಸು," ಎಂದಿತು ಕಳ್ಳಿ.

"ಬಿಸಿಲಾ? ಕಪ್ಪಾಗ್ತೀಯ ಕಂದಾ! ಇಲ್ಲಿ ಸ್ನಾನದ ಹಬೆ ಎಷ್ಟು ಹಿತ ನೋಡು," ಎಂದಿತು ಬಾಟಲಿ.

ದೃಷ್ಟಿ ತಾಗದಿರಲೆಂದು ಮುಂಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ಅಲ್ಲಿಂದಲೇ ಕೂಗಿತು: "ಬಾಟಲಮ್ಮಾ, ನನಗೆ ಮಣ್ಣಿಲ್ಲ, ನೀರಿಲ್ಲ. ಬರೀ ಗಾಳಿ, ಬಿಸಿಲು. ಆದ್ರೂ ಮೊನ್ನೆ ಹೊಸ ಎಲೆ ಬಿಟ್ಟಿದ್ದೀನಿ!"

"ಪಾಪ, ದಿಕ್ಕಿಲ್ಲದ್ದು!" ಎಂದು ಮರುಗಿದ ಬಾಟಲಿ, ಕಳ್ಳಿಗೆ ಇನ್ನೆರಡು ಸಲ ಚಿಮುಕಿಸಿತು. ಕಳ್ಳಿ ಮೆತ್ತಗಾಗಿ ಕುಸಿದು ಸತ್ತಿತು.

"ಅಯ್ಯೋ, ಯಾರ ದೃಷ್ಟಿ ತಾಗಿತೋ!" ಎಂದು ಬಾಟಲಿ ಗೋಳಾಡಿತು.

ಆಮೇಲೆ ಅದಕ್ಕೆ ಬುದ್ಧಿ ಬಂತು. ಈ ಕೊನೆಯ ಮಾತು ಮಾತ್ರ ನಾನೇ ಕಟ್ಟಿ ಹೇಳಿದ್ದು.