ನೇಕಾರನ ಅಂಗಳದ ಪಿಕಳಾರ

“ಗುರುಗಳೇ, ನೋವು ತರುವ ನೆನಪುಗಳನ್ನೆಲ್ಲ ದಿನವೂ ಮನಸ್ಸಿನಿಂದ ಹೆಕ್ಕಿ ಹೊರಗೆ ಹಾಕುತ್ತೇನೆ. ಆದರೂ ಸಮಾಧಾನ ಬಂದ ಹಾಗೆ ಬಂದು ಹೊರಟುಹೋಗುತ್ತದೆ. ಏಕೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ನೇಕಾರನಿದ್ದ. ಎಲ್ಲ ದಿನಗಳಂಥದೇ ಒಂದು ದಿನ, ಅವನು ಸೀರೆಯ ಸೆರಗು ಮುಗಿಸುವ ಹೊತ್ತಿಗೆ, ಜ್ವರದಲ್ಲಿ ಮಲಗಿದ್ದ ಮಗಳು ತೀರಿಕೊಂಡಳು. ಅಂದಿನಿಂದ ಹೆಂಡತಿ ಮಾತು ಬಿಟ್ಟಳು, ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ಎದ್ದುಬಿಡುತ್ತಿದ್ದಳು. ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದಳು. ಹೊರಗೆ ಬರಿಯ ಅಂಗಳ.

ಅವಳ ಕಣ್ಣಿಗೆ ಏನಾದರೂ ಸಿಗಲಿ, ಒಂದು ಮಾತಾದರೂ ಹೊರಡಲಿ ಎಂದು ನೇಕಾರ ಗುಡ್ಡದಿಂದ ಕಾರೆ, ಕವಳೆ, ಲಕ್ಕಿ ಗಿಡಗಳನ್ನು ತಂದು ಅಂಗಳದಲ್ಲಿ ನೆಟ್ಟ. ಕೆಲವು ಮಳೆಗಾಲ ಕಳೆದವು. ಗಿಡಗಳು ಹಣ್ಣು ಬಿಟ್ಟವು. ಪಿಕಳಾರ ಹಕ್ಕಿಗಳು ಬೆಳಗಿನ ಮಬ್ಬಿನೊಳಗಿಂದ ಬಂದು, ಒಂದೆರಡು ಹಣ್ಣು ತಿಂದು, ಮಬ್ಬಿನೊಳಗೇ ಕರಗುತ್ತಿದ್ದವು. ಅವಳ ತುಟಿ ಅಲುಗುವಷ್ಟರಲ್ಲಿ ಕೊಂಬೆ ಖಾಲಿ. ಒಂದೂ ನಿಂತು ಗೂಡು ಕಟ್ಟಲಿಲ್ಲ.

ಒಂದು ಬೆಳಿಗ್ಗೆ ಸೊಪ್ಪು ಮಾರುವ ಮುದುಕಿ ಬೇಲಿಯ ಬಳಿ ನಿಂತಳು. ನೇಕಾರ ಬಗ್ಗಿ, ಎಲೆಗಳ ಮೇಲಿನ ಹುಳುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಮಗ್ಗಕ್ಕೆ ಕೂರುವ ಮೊದಲು ಅದು ಅವನ ನಿತ್ಯದ ಕೆಲಸ.

“ಎಲೆಯೇನು ನೀನು ನೇಯ್ದ ಸೀರೆಯೇನಪ್ಪ, ತೂತು ಬೀಳಬಾರದು ಅನ್ನೋದಕ್ಕೆ?” ಎಂದು ಮುದುಕಿ ನಕ್ಕಳು.

“ತೂತು ಕಂಡರೆ ಕೈ ಸುಮ್ಮನಿರೋದಿಲ್ಲ ಅಜ್ಜಿ. ಹಕ್ಕಿಗಳಿಗೆ ಹಣ್ಣಿದೆಯಲ್ಲ? ಆದರೂ ಯಾಕೋ ಒಂದೂ ಗೂಡು ಕಟ್ಟೋದಿಲ್ಲ.”

“ಹಣ್ಣು ದೊಡ್ಡವಕ್ಕಾಯಿತು. ಮರಿಗೆ ಹುಳು ಬೇಡವೇ? ಬಾಣಂತಿಯನ್ನು ಮನೆಗೆ ಕರೆದು ಮಗುವಿನ ಹಾಲು ಚೆಲ್ಲುವವನನ್ನು, ನಿನ್ನೊಬ್ಬನನ್ನೇ ಕಂಡೆ!”

ಮರುದಿನ ನೇಕಾರ ಕೈಕಟ್ಟಿ ಕೂತ. ದಿನ ಕಳೆದ ಹಾಗೆ ಎಲೆಗಳು ಜರಡಿಯಾದವು. ತೂತುಗಳ ಮೂಲಕ ಬಿಸಿಲು ಅಂಗಳದಲ್ಲಿ ಚುಕ್ಕಿ ಚುಕ್ಕಿಯಾಗಿ ಬಿತ್ತು. ಒಂದೊಂದು ತೂತೂ ಅವನ ಕಣ್ಣಿಗೆ ಚುಚ್ಚಿತು. ಅವನು ಏಳಲಿಲ್ಲ.

ಮುಂದಿನ ಚೈತ್ರದಲ್ಲಿ ಕವಳೆಯ ಪೊದೆಯೊಳಗೆ ಪಿಕಳಾರ ಗೂಡು ಕಟ್ಟಿತು. ತಾಯಿಹಕ್ಕಿ ಎಲೆಯಿಂದ ಹುಳು ಕಚ್ಚಿಕೊಂಡು ಗೂಡಿಗೆ, ಗೂಡಿನಿಂದ ಎಲೆಗೆ ಹಾರಾಡತೊಡಗಿತು. ಒಂದು ದಿನ ನೇಕಾರ ಮಗ್ಗದ ಲಾಳಿಯನ್ನು ಕೈಗೆತ್ತಿಕೊಂಡಾಗ ಕಿಟಕಿಯ ಕಡೆಯಿಂದ ದನಿ ಬಂತು:

“ಸ್ವಲ್ಪ ತಡೀರಿ, ಸದ್ದು ಮಾಡಬೇಡಿ. ಮರಿಗಳು ಈಗಷ್ಟೇ ಮಲಗಿವೆ.”

ಗುರು ಕಥೆಯನ್ನು ಅಲ್ಲಿಗೆ ಮುಗಿಸಿದರು.

“ಹಾಗಾದರೆ ಅವಳ ದುಃಖ ಹೋಯಿತೇ?” ಎಂದು ಶಿಷ್ಯ ಕೇಳಿದ.

“ಆ ಮಧ್ಯಾಹ್ನ ಅವಳು ಎರಡನೆಯ ಸಲ ಅನ್ನ ಬಡಿಸಿಕೊಂಡಳು” ಎಂದರು ಗುರು.