ಎಷ್ಟು ಉದ್ದದ ದೋಣಿ

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಮೂಕಾಂಬಕ್ಕನೆಂಬ ಹೆಂಗಸಿದ್ದಳು. ಅವಳದೊಂದು ಟಗ್ ದೋಣಿ ಇತ್ತು. ಗಾತ್ರದಲ್ಲಿ ಚಿಕ್ಕದು, ಸದ್ದಿನಲ್ಲಿ ದೊಡ್ಡದು. ಹಂಚು, ಕಲ್ಲು ತುಂಬಿದ ಬಾರ್ಜುಗಳೆಂಬ ಎಂಜಿನಿಲ್ಲದ ಚಪ್ಪಟೆ ಸರಕುದೋಣಿಗಳಿಗೆ ಹಗ್ಗ ಕಟ್ಟಿ, ಎಳೆದು, ನಡುಹೊಳೆಯ ಕುದ್ರುಗಳೆಂಬ ದ್ವೀಪಗಳಿಗೆ ಮುಟ್ಟಿಸುವುದು ಆ ಮನೆಯವರ ಕಸುಬು.

ಅಳಿಯ ಕರುಣಾಕರನೇ ಅವಳ ಶಿಷ್ಯ. ಹನ್ನೆರಡು ವರ್ಷ ಬಸ್ಸು ಓಡಿಸಿದವನು. ಒಂದು ಕೋಳಿಯನ್ನೂ ಚಕ್ರದಡಿ ಹಾಕಿಲ್ಲವೆಂಬ ಹೆಮ್ಮೆ ಅವನದು.

ದಡದಲ್ಲಿ ಅತ್ತೆ ಅವನಿಗೆ "ನೀವು" ಎನ್ನುತ್ತಿದ್ದಳು, ಮೀನಿನ ಮೊದಲ ತುಂಡು ಅವನ ತಟ್ಟೆಗೇ ಹಾಕುತ್ತಿದ್ದಳು. ದೋಣಿಗೆ ಕಾಲಿಟ್ಟನೋ, ಅಳಿಯತನವೆಲ್ಲ ದಡದಲ್ಲೇ ಉಳಿಯುತ್ತಿತ್ತು.

"ನನ್ನ ಮಂಡಿಯ ಕಥೆ ಮುಗೀತು," ಎಂದಳು ಒಂದು ದಿನ ದೋಣಿಯಲ್ಲಿ. "ದೀಪಾವಳಿಯೊಳಗೆ ನೀನು ಚುಕ್ಕಾಣಿ ಹಿಡಿಯೋದು ಕಲೀಬೇಕು. ಇಲ್ಲದಿದ್ರೆ ಈ ದೋಣಿ ಬೇರೆಯವರ ಪಾಲಾಗ್ತದೆ."

ಕರುಣಾಕರನಿಗೆ ದೋಣಿ ಕೈತಪ್ಪುವುದು ಬೇಡವಾಗಿತ್ತು. ಹೆಂಡತಿ ಜಲಜ ಆ ಎಂಜಿನಿನ ಪಕ್ಕದಲ್ಲೇ ಬೆಳೆದವಳು, ಈಗಲೂ ಅದರ ಉಸ್ತುವಾರಿ ಅವಳದೇ. ಅವನಿಗೂ ಬಸ್ಸಿನ ಮೇಲೆ ಎಂದೂ ಹುಟ್ಟದ ಪ್ರೀತಿ ಈ ದೋಣಿಯ ಮೇಲೆ ಹುಟ್ಟಿಬಿಟ್ಟಿತ್ತು.

"ನಾನು ಕಲಿತೆ ಅಂತ ಹೇಗೆ ಗೊತ್ತಾಗೋದು, ಅತ್ತೆ?"

"ನನಗೆ ಏನೂ ಗೊತ್ತಾಗದ ದಿನ, ನೀನು ಕಲಿತ ಹಾಗೆ."

ಅವನು ತಲೆ ಕೆರೆದುಕೊಂಡ.

"ಅದಿರಲಿ," ಎಂದಳು. "ನಮ್ಮ ದೋಣಿ ಎಷ್ಟು ಉದ್ದ ಉಂಟು, ಹೇಳು."

"ನಲವತ್ತು ಅಡಿ."

"ತಪ್ಪು."

ಟೇಪು ತಂದು ಅಳೆದ. ಬಗ್ಗಿ ಅಳೆದ, ತೆವಳಿ ಅಳೆದ. ನಲವತ್ತೇ.

"ತಪ್ಪು," ಎಂದಳು ಅತ್ತೆ ಎಲೆಅಡಿಕೆ ಜಗಿಯುತ್ತ.

ಮರುದಿನ ಚುಕ್ಕಾಣಿ ಅವನ ಕೈಗೆ ಕೊಟ್ಟು, ತಾನು ಚಾಪೆ ಹಿಡಿದುಕೊಂಡು ಹಿಂದಿನ ಬಾರ್ಜು ಹತ್ತಿದಳು. ಹಂಚಿನ ರಾಶಿಯ ಪಕ್ಕ ಚಾಪೆ ಬಿಡಿಸಿ ಮಲಗಿದಳು.

ಕರುಣಾಕರ ಬಸ್ಸು ಹೊರಡಿಸಿದ ಹಾಗೆ ಟಗ್ ಹೊರಡಿಸಿದ. ಸಡಿಲವಾಗಿದ್ದ ಹಗ್ಗ ಒಮ್ಮೆಲೇ ಬಿಗಿಯಿತು. ಬಾರ್ಜು ಜಗ್ಗಿತು, ಹಂಚುಗಳು ಗಲಗಲ ಎಂದವು, ಅತ್ತೆ ಚಾಪೆ ಸಮೇತ ಒಂದು ಮಾರು ಜಾರಿದಳು.

ಎದ್ದು ಕೂತು ಚಾಪೆ ಸುತ್ತಿದಳು. "ನಾಳೆ!" ಎಂದು ಅಲ್ಲಿಂದಲೇ ಕೂಗಿದಳು.

ಆ ನಾಳೆ ಅವನು ಮೆಲ್ಲಗೆ ಹೊರಡಿಸಿದ. ಹಗ್ಗ ನೀರಿನಿಂದ ನಿಧಾನವಾಗಿ ಮೇಲೆದ್ದಿತು. ಹಂಚುಗಳು ತುಟಿ ಬಿಚ್ಚಲಿಲ್ಲ. ಖುಷಿಯಿಂದ ಸಿಳ್ಳೆ ಹೊಡೆದ.

ಅಷ್ಟರಲ್ಲಿ ಬಲೆ ಬೀಸುವವನ ಪುಟ್ಟ ದೋಣಿಯೊಂದು ಅಡ್ಡ ಬಂತು. ಹನ್ನೆರಡು ವರ್ಷದ ಅಭ್ಯಾಸ ಎಲ್ಲಿಗೆ ಹೋದೀತು? ಕಾಲು ದೋಣಿಯಲ್ಲಿಲ್ಲದ ಬ್ರೇಕನ್ನು ಹುಡುಕಿತು, ಕೈ ಎಂಜಿನನ್ನು ಹಿಮ್ಮುಖ ಮಾಡಿತು. ಟಗ್ ನಿಂತಿತು.

ಬಾರ್ಜು ನಿಲ್ಲಲಿಲ್ಲ. ತನ್ನ ಪಾಡಿಗೆ ತಾನು ತೇಲಿ ಬಂದು ಟಗ್ಗಿನ ಬೆನ್ನಿಗೆ ಧಡ್ಡನೆ ಗುದ್ದಿತು. ಅದರ ತುದಿಯಲ್ಲಿ, ಅಳಿಯನಿಂದ ಎರಡು ಮಾರು ದೂರದಲ್ಲಿ, ಚಾಪೆಯ ಮೇಲೆ ಕೂತಿದ್ದಳು ಅತ್ತೆ.

"ಬಂದೆ," ಎಂದಳು. "ಕರೆದ್ಯಾ?"

ಎಂಜಿನಿನ ಸದ್ದನ್ನೂ ಮೀರಿ, ಅದನ್ನು ನೋಡಿಕೊಳ್ಳುತ್ತ ಟಗ್ಗಿನ ಕೆಳಗಿದ್ದ ಜಲಜಳ ನಗು ಕೇಳಿಸಿತು.

ಹನ್ನೊಂದು ಹಂಚು ಒಡೆದಿದ್ದವು. ಆ ಮಧ್ಯಾಹ್ನ ಕರುಣಾಕರ ಮೀನಿನ ಮೊದಲ ತುಂಡನ್ನೂ ತಟ್ಟೆಯಲ್ಲೇ ಬಿಟ್ಟು ಎದ್ದ. ದಡದಲ್ಲಿ ಒಬ್ಬನೇ ಕೂತು ಟಗ್ಗನ್ನು, ಹಗ್ಗವನ್ನು, ಬಾರ್ಜನ್ನು ನೋಡಿದ. ನೋಡುತ್ತ ನೋಡುತ್ತ ತಟ್ಟನೆ ಎದ್ದು ಅತ್ತೆಯ ಬಳಿಗೆ ಓಡಿದ.

"ಅತ್ತೆ, ನಮ್ಮ ದೋಣಿ ಇನ್ನೂರ ಎಪ್ಪತ್ತು ಅಡಿ!"

"ಅದು ಹೇಗೆ?"

"ಟಗ್ ನಲವತ್ತು, ಹಗ್ಗ ನೂರೈವತ್ತು, ಬಾರ್ಜು ಎಂಬತ್ತು. ನಾನು ನಿಂತರೂ ಹಿಂದಿನದ್ದು ಬರ್ತಾನೇ ಇರ್ತದೆ."

ಅತ್ತೆಯ ಮುಖ ಅರಳಿತು. "ಹತ್ತಿರ ಬಂದ್ರಿ ಅಳಿಯಂದಿರೇ. ಇನ್ನೂ ಐದಡಿ ಉಂಟು."

ಅವನು ಹಗ್ಗದ ಗಂಟು ಅಳೆದ, ಲಂಗರು ಅಳೆದ. ಐದಡಿ ಎಲ್ಲೂ ಸಿಗಲಿಲ್ಲ.

ದೀಪಾವಳಿಗೆ ಒಂದೇ ದಿನ ಉಳಿದಿತ್ತು. ಬಾರ್ಜಿನಲ್ಲಿ ಹೊಸ ಹಂಚು ತುಂಬಿತ್ತು. ಅತ್ತೆ ಎಂದಿನಂತೆ ಚಾಪೆ ಬಿಡಿಸಿ ಉದ್ದಕ್ಕೆ ಮಲಗಿದಳು. ಕರುಣಾಕರ ಅವಳ ತಲೆಯಿಂದ ಪಾದದವರೆಗೆ ಕಣ್ಣಳತೆ ಮಾಡಿದ. ಸರಿಯಾಗಿ ಐದಡಿ! ಅವನಿಗೆ ನಗು ಬಂತು. ಕಣ್ಣೂ ಒದ್ದೆಯಾಯಿತು.

ಆ ದಿನ ಅವನ ಒಂದು ಕಣ್ಣು ಹೊಳೆಯ ಮೇಲೆ, ಒಂದು ಕಣ್ಣು ಚಾಪೆಯ ಮೇಲೆ. ಬಲೆಯವನ ದೋಣಿಯನ್ನು ದೂರದಿಂದಲೇ ಕಂಡು, ವೇಗ ತಗ್ಗಿಸಿ, ಅಗಲಕ್ಕೆ ಬಳಸಿ ಹೋದ. ಬಲೆಯವನು ಕೈ ಬೀಸಿದ. ಕುದ್ರು ಇನ್ನೂ ದೂರವಿರುವಾಗಲೇ ಕರುಣಾಕರ ಎಂಜಿನಿನ ವೇಗ ಇಳಿಸಿದ. ಬಾರ್ಜು ಮೆಲ್ಲಗೆ ಬಂದು ಕುದ್ರುವಿನ ಕಟ್ಟೆಗೆ ಒರಗಿತು, ಟಗ್ ಅದರ ಪಕ್ಕಕ್ಕೆ ಬಂದು ನಿಂತಿತು.

ಜಲಜ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. "ಅಮ್ಮ ಯಾಕೆ ಏಳ್ಲಿಲ್ಲ?"

"ಅತ್ತೆ!" ಎಂದು ಕೂಗಿದ ಕರುಣಾಕರ.

ಚಾಪೆಯ ಮೇಲೆ ಅಲುಗಾಟವಿಲ್ಲ.

ಅವನು ಗಾಬರಿಯಾಗಿ ಚುಕ್ಕಾಣಿ ಬಿಟ್ಟ. ಬಾರ್ಜಿಗೆ ಹಾರಿ, ಹಂಚಿನ ರಾಶಿ ಬಳಸಿ ಓಡಿದ. ಮೂಕಾಂಬಕ್ಕ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಅವನು ಅಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಿನ ಸದ್ದಿಗೆ ಅವಳು ಒಂದು ಕಣ್ಣು ಬಿಟ್ಟಳು.

"ಎಂತ ಮಾರಾಯ," ಎಂದಳು, "ಇನ್ನೂ ಹೊರಡ್ಲಿಲ್ವಾ?"